ಲೈಬ್ರರಿ ಕ್ಯಾಟಲಾಗರ್ (ಪುಸ್ತಕಗಳನ್ನು ವಿಂಗಡಿಸಿ ಪಟ್ಟಿ ಮಾಡುವವರು) ಕೆಲಸ ಚೆನ್ನಾಗಿ ಮಾಡಿದ್ದಾರೆ ಅಂತ ತಿಳಿಯೋದು ಹೇಗೆ?

ದಿನಕ್ಕೆ ಎಷ್ಟು ಪುಸ್ತಕ ಮುಗಿಸಿದರು ಅಂತ ಸುಮ್ನೆ ಎಣಿಸಿದರೆ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ನಾನಾದರೆ ಲೇಖಕರ ಹೆಸರು ಹುಡುಕಿ ನೋಡುತ್ತೇನೆ. ಒಂದು ಪುಸ್ತಕದ ಮೇಲೆ ‘ದ.ರಾ. ಬೇಂದ್ರೆ’ ಅಂತಿರುತ್ತದೆ, ಇನ್ನೊಂದರ ಮೇಲೆ ‘ಅಂಬಿಕಾತನಯದತ್ತ’. ಎರಡೂ ಒಬ್ಬರದ್ದೇ ಹೆಸರು ಅಲ್ವಾ? ಯಾವುದನ್ನು ಹುಡುಕಿದರೂ ಎಲ್ಲ ಪುಸ್ತಕ ಒಟ್ಟಿಗೆ ಸಿಗಬೇಕು. ಅದಕ್ಕೆ ಒಂದು ಹೆಸರನ್ನು ಮುಖ್ಯವಾಗಿಟ್ಟು ಉಳಿದದ್ದನ್ನು ಅದಕ್ಕೆ ಜೋಡಿಸಿರಬೇಕು. ಇಂಗ್ಲಿಷ್ ಅಕ್ಷರದಲ್ಲಿ ನಮೂದಿಸುವ ಕಡೆ ಸ್ಪೆಲಿಂಗ್ ಗೋಳು ಬೇರೆ!

ಆಮೇಲೆ ವಿಷಯ. ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಇಂಥ ನಂಬರ್ ಬಾಯಿಪಾಠ ಮಾಡಬಹುದು. ಆದರೆ ಹೆಸರಿನಲ್ಲಿ ‘ಕಾಡು’ ಇದೆ ಅಂತ ಕಾದಂಬರಿಯನ್ನು ಅರಣ್ಯಶಾಸ್ತ್ರಕ್ಕೆ ಸೇರಿಸದಿರಲು ಮುನ್ನುಡಿ, ಪರಿವಿಡಿ ತಿರುವಿ ನೋಡುವ ತಾಳ್ಮೆ ಬೇಕು.