ನಾಸಿಕ್‌ನಲ್ಲಿ ಛಾಟಣಿ ಅಂದರೆ ಚಟ್ನಿ ಅಲ್ಲ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನೀವು ಹರಿಹರದವರು. ದೀಪಾವಳಿ ಆದ ಮೇಲೆ ಮದುವೆ. ಹುಡುಗನಿಗೆ ನಾಸಿಕ್ ಹತ್ತಿರದ ವೈನ್ ಕಂಪನಿಯಲ್ಲಿ ಕೆಲಸ. ಅಲ್ಲಿ ಹೊಸ ಜೋಡಿಯ ದಿನಗಳು ಹೇಗಿರುತ್ತವೆ, ಎಲ್ಲರೂ ಕುಡಿಯುತ್ತಾರಾ, ನೆಂಟರಿಗೆ ಏನು ಹೇಳಬೇಕು, ಏನೇನು ಸಾಮಾನು ಒಯ್ಯಬೇಕು ಅಂತ ಕೇಳಿದ್ದೀರಿ.

ನಾನು ದಾವಣಗೆರೆಯವಳು. ನಮ್ಮ ಮನೆಯವರು ಚಿತ್ರದುರ್ಗದವರು. ಮದುವೆಯಾಗಿ ಮೂರು ವರ್ಷ. ಮೂರೂ ವರ್ಷ ನಾಸಿಕ್‌ನ ದಿಂಡೋರಿ ಕಡೆಯೇ ಇದ್ದೇವೆ. ಈಗ ಪಂಚಮಿಗೆ ಅಂತ ತವರಿಗೆ ಬಂದಿದ್ದೇನೆ, ಮಾಡಲು ಕೆಲಸ ಇಲ್ಲ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನೆಂಟರ ವಿಷಯ. ನಮ್ಮ ಮದುವೆ ಮಾತುಕತೆಯಲ್ಲಿ ವೈನ್ ಅನ್ನುವ ಪದ ಯಾರ ಬಾಯಲ್ಲೂ ಬರಲಿಲ್ಲ. ಸಂಬಂಧ ತಂದವರು "ಹಣ್ಣಿನ ರಸದ ಕಂಪನಿ" ಅಂದಿದ್ದರು. ಅಪ್ಪಾಜಿ ಅದನ್ನು ದೊಡ್ಡಪ್ಪನಿಗೆ ಹೇಳುವಾಗ "ಜ್ಯೂಸ್ ಫ್ಯಾಕ್ಟರಿ" ಮಾಡಿದರು. ದೊಡ್ಡಪ್ಪನಿಂದ ಸೋದರತ್ತೆ ಕಿವಿಗೆ ಹೋಗುವಷ್ಟರಲ್ಲಿ ಹುಡುಗ ಜ್ಯೂಸ್ ಅಂಗಡಿ ಇಟ್ಟಿದ್ದ. ನಿಶ್ಚಿತಾರ್ಥದ ದಿನ ಅತ್ತೆ ನನ್ನನ್ನು ಅಡುಗೆಮನೆ ಹಿಂದೆ ಕರೆದುಕೊಂಡು ಹೋಗಿ, "ಬ್ಯಾಸಿಗೇಲಿ ಸರಿ, ಮಳೆಗಾಲದಾಗ ಯಾಪಾರ ಹೆಂಗವ್ವ?" ಅಂತ ಕೇಳಿದರು. ಪಾಪ, ನಿಜವಾದ ಕಾಳಜಿ.

ಕೊನೆಗೆ ಗುಟ್ಟು ಬಿಟ್ಟವರು ಇವರೇ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದವರು. ಬಳ್ಳಿ, ಬೇರು, ರೋಗ ಎಲ್ಲ ಗೊತ್ತು, ಸುಳ್ಳು ಹೇಳುವುದು ಮಾತ್ರ ಗೊತ್ತಿಲ್ಲ. ನಮ್ಮ ಅಜ್ಜಿ ಮುಂದೆ ಕೂತು, "ಅಜ್ಜಿ, ಅದು ವೈನು. ಆದ್ರೆ ನಾವು ಕುಡಿಯಲ್ಲ. ಬಾಯಲ್ಲಿ ಹಾಕ್ಕೊಂಡು ರುಚಿ ನೋಡಿ ಉಗುಳ್ತೀವಿ" ಅಂದುಬಿಟ್ಟರು. ಇದು ನಿಜವೇ. ದಿನಕ್ಕೆ ಹತ್ತಾರು ಟ್ಯಾಂಕಿನ ರುಚಿ ನೋಡಬೇಕು. ಎಲ್ಲ ನುಂಗುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ಯಾವ ಟ್ಯಾಂಕ್ ಯಾವುದು ಅಂತ ತಿಳಿಯುವುದಿಲ್ಲ. ಉಗುಳಲು ಅಂತಲೇ ಒಂದು ಬಕೆಟ್ ಇರುತ್ತದೆ. ಅಜ್ಜಿ ಸ್ವಲ್ಪ ಹೊತ್ತು ಎಲೆಅಡಿಕೆ ಅಗಿದರು. ಆಮೇಲೆ, "ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಉಗುಳ್ತೀರಾ? ಅದಕ್ಕಿಂತ ಕುಡಿಯೋದೇ ವಾಸಿ ಕಣಪ್ಪಾ" ಅಂದರು. ಅಲ್ಲಿಗೆ ಮದುವೆ ಪಕ್ಕಾ ಆಯಿತು. ಹಾಗಾಗಿ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರಿಗೆ ಮೊದಲು ಹೇಳಿ. ನಡುವಿನ ವಯಸ್ಸಿನವರದ್ದೇ ತಕರಾರು ಜಾಸ್ತಿ.

ಅಲ್ಲಿ ಎಲ್ಲರೂ ಕುಡಿಯುತ್ತಾರಾ? ಇಲ್ಲಪ್ಪ. ತೋಟದವರಿಗೆ ಬೇಕಾದದ್ದು ಚಹಾ. ಅದೂ ಸಕ್ಕರೆ ಸುರಿದ ಚಹಾ, ಗಂಟೆಗೊಂದು ಸಲ. ಕುಡಿಯುವವರು ಶನಿವಾರ ಭಾನುವಾರ ಮುಂಬೈ, ಪುಣೆಯಿಂದ ಕಾರಿನಲ್ಲಿ ಬರುತ್ತಾರೆ, ಬಳ್ಳಿ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಈಗ ಚಟ್ನಿ ಕಥೆ. ಮದುವೆಯಾದ ವರ್ಷ, ಅಕ್ಟೋಬರ್ ತಿಂಗಳು. ಸಂಜೆ ಇವರ ಫೋನ್ ಬಂತು. "ನಾಳೆ ಬೆಳಿಗ್ಗೆ ಆರಕ್ಕೆ ಛಾಟಣಿ. ಇಪ್ಪತ್ತು ಜನ ಬರ್ತಾರೆ" ಅಂದು ಇಟ್ಟುಬಿಟ್ಟರು. ಹೊಸ ಹೆಂಡತಿ ನಾನು. ಅದರ ಮೇಲೆ ದಾವಣಗೆರೆಯವಳು. ಇಪ್ಪತ್ತು ಜನಕ್ಕೆ ಚಟ್ನಿ ಅಂದರೆ ಊರಿನ ಮರ್ಯಾದೆ ಪ್ರಶ್ನೆ ಅಲ್ವಾ? ಆರು ತೆಂಗಿನಕಾಯಿ ಒಡೆದೆ. ತುರಿದು ತುರಿದು ಹೆಬ್ಬೆರಳು ಕುಯ್ದುಕೊಂಡೆ. ಹಸಿಮೆಣಸಿನಕಾಯಿ, ಪುಟಾಣಿ, ಬೆಳ್ಳುಳ್ಳಿ ಹಾಕಿ ಮಿಕ್ಸಿ ಬಿಸಿಯಾಗುವ ತನಕ ರುಬ್ಬಿದೆ. ಬರೀ ಚಟ್ನಿ ಯಾಕೆ, ಜೊತೆಗೆ ಏನು ತಿನ್ನುತ್ತಾರೆ ಅಂತ ಒಂದು ಸಲವೂ ತಲೆಗೆ ಬರಲಿಲ್ಲ. ಅದನ್ನು ಕಂಪನಿಯವರು ನೋಡಿಕೊಳ್ಳುತ್ತಾರೆ ಅಂದುಕೊಂಡೆ. ಬೆಳಿಗ್ಗೆ ಆರಕ್ಕೆ ಸ್ಟೀಲ್ ಬಕೆಟ್ ಹಿಡಿದು ತೋಟಕ್ಕೆ ಹೋದರೆ ಇಪ್ಪತ್ತು ಜನ ಕೈಯಲ್ಲಿ ಕತ್ತರಿ ಹಿಡಿದು ನಿಂತಿದ್ದರು.

ಮರಾಠಿಯಲ್ಲಿ ಛಾಟಣಿ ಅಂದರೆ ಬಳ್ಳಿ ಸವರುವುದು. ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲ ಬಂದರೆ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಬಿಸಿಲಿಗೆ ಅದಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಬಿಟ್ಟರೆ ವರ್ಷವಿಡೀ ಬೆಳೆಯುತ್ತಲೇ ಇರುತ್ತದೆ. ಅದಕ್ಕೆ ವರ್ಷಕ್ಕೆ ಎರಡು ಸಲ ಕತ್ತರಿ. ಏಪ್ರಿಲ್‌ನಲ್ಲಿ ಒಮ್ಮೆ, ಕಡ್ಡಿ ಬಲಿಯಲಿ ಅಂತ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ, ಹಣ್ಣು ಕಟ್ಟಲಿ ಅಂತ. ಕತ್ತರಿ ಎರಡು ಸಲ, ಬೆಳೆ ಒಂದೇ ಸಲ. ಇದನ್ನೆಲ್ಲ ಇವರು ಅಲ್ಲೇ ಬಕೆಟ್ ಪಕ್ಕ ನಿಂತು ಪಾಠದ ಹಾಗೆ ಹೇಳಿದರು. ನನಗೆ ಕೇಳಿಸಿದ್ದು ಹೆಂಗಸರ ನಗು ಮಾತ್ರ. ಅವರು ಮಧ್ಯಾಹ್ನ ಬುತ್ತಿ ಬಿಚ್ಚಿ, ಬಾಜ್ರಿ ಭಾಕ್ರಿಗೆ, ಅಂದರೆ ನಮ್ಮ ಸಜ್ಜೆ ರೊಟ್ಟಿಗೆ, ಹಚ್ಚಿಕೊಂಡು ಅಷ್ಟೂ ಚಟ್ನಿ ಖಾಲಿ ಮಾಡಿದರು. ಈಗ ಪ್ರತಿ ಅಕ್ಟೋಬರ್‌ನಲ್ಲಿ ಕತ್ತರಿ ಎತ್ತುವ ಮೊದಲು "ವಹಿನಿ, ಚಟಣಿ ಕುಠೇ?" ಅಂತ ಕೇಳುತ್ತಾರೆ. ಅತ್ತಿಗೆ, ಚಟ್ನಿ ಎಲ್ಲಿ ಅಂತ. ಮಾಡಿಕೊಂಡೇ ಹೋಗುತ್ತೇನೆ, ಏನು ಮಾಡಲಿ.

ಮರಾಠಿ ನನ್ನ ಮಾನ ಕಳೆದದ್ದು ಅದೊಂದೇ ಸಲ ಅಲ್ಲ. ನಾಸಿಕ್ ಚಳಿ ನಿಮಗೆ ಗೊತ್ತಿರಲಿಕ್ಕಿಲ್ಲ. ಡಿಸೆಂಬರ್, ಜನವರಿಯಲ್ಲಿ ಕೆಲವು ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ದೋಸೆ ಹಿಟ್ಟು ಉಬ್ಬುವುದೇ ಇಲ್ಲ. ಅಕ್ಕಿ, ಉದ್ದಿನಬೇಳೆ, ಮೆಂತ್ಯ, ಮಂಡಕ್ಕಿ ಎಲ್ಲ ಅಮ್ಮ ಹೇಳಿದ ಅಳತೆಯಲ್ಲೇ ಹಾಕಿದ್ದೆ. ಎರಡು ದಿನ ಕಂಬಳಿ ಹೊದಿಸಿದರೂ ಹಿಟ್ಟು ಸಿಮೆಂಟಿನ ಹಾಗೆ ಕೂತಿತ್ತು. ಆಗ ಇವರಿಗೇ ಹೊಳೆಯಿತು. ವೈನರಿಯಲ್ಲಿ ಟ್ಯಾಂಕ್ ತಣ್ಣಗಿಡಲು ಚಿಲ್ಲರ್ ಯಂತ್ರ ಇರುತ್ತದೆ. ಅದರ ಹಿಂದೆ ಬಿಸಿಗಾಳಿ ಬೀಸುತ್ತದೆ. "ರಾತ್ರಿ ಅಲ್ಲಿಟ್ಟು ಬೆಳಿಗ್ಗೆ ತರೋಣ, ಯಾರಿಗೂ ಗೊತ್ತಾಗಲ್ಲ" ಅಂದರು.

ಹಿಟ್ಟು ಉಬ್ಬಿತು. ಬರೀ ಉಬ್ಬಲಿಲ್ಲ, ಮುಚ್ಚಳ ಎತ್ತಿ ಹೊರಗೆ ಹರಿಯಿತು. ಬೆಳಿಗ್ಗೆ ನಾನು ಪಾತ್ರೆ ತರಲು ಹೋದರೆ, ಅಲ್ಲಿ ವೈನ್ ಮಾಡುವ ದೊಡ್ಡ ಸಾಹೇಬರು ಮೂಗು ಮೇಲೆತ್ತಿ ನಿಂತಿದ್ದರು. ನನ್ನನ್ನು ನೋಡಿ "ಕಸ್ಲಾ ವಾಸ್ ಯೇತೋಯ್?" ಅಂದರು. ನನಗೆ ಅರ್ಥ ಆದದ್ದು 'ವಾಸ' ಒಂದೇ. "ಕ್ವಾರ್ಟರ್ಸ್‌ನಲ್ಲೇ ಸಾರ್, ಎರಡನೇ ಮನೆ" ಅಂದೆ. ಮರಾಠಿಯಲ್ಲಿ ವಾಸ ಅಂದರೆ ವಾಸನೆ. ಇದೇನು ವಾಸನೆ ಅಂತ ಅವರು ಕೇಳಿದ್ದು.

ವೈನರಿಯಲ್ಲಿ ಹುಳಿ ವಾಸನೆ ಬಂದರೆ ಮನೆಗೆ ಬೆಂಕಿ ಬಿದ್ದ ಹಾಗೆ. ಯೀಸ್ಟ್ ದ್ರಾಕ್ಷಿಯ ಸಕ್ಕರೆ ತಿಂದು ಮದ್ಯ ಮಾಡಬೇಕು, ಅದು ಸರಿ. ಬೇಡದ ಬ್ಯಾಕ್ಟೀರಿಯಾ ನುಗ್ಗಿದರೆ ವೈನ್ ಹೋಗಿ ವಿನೆಗರ್ ಆಗುತ್ತದೆ. ಸಾಹೇಬರು ಎಲ್ಲ ಟ್ಯಾಂಕ್ ಮೂಸಿ ನೋಡಲು ಇವರಿಗೇ ಹೇಳಿದರು. ಇವರು ಏಣಿ ಹತ್ತಿ ಒಂದೊಂದೇ ಟ್ಯಾಂಕಿಗೆ ಮೂಗಿಟ್ಟು "ಇದಲ್ಲ ಸರ್", ಮುಂದಿನದ್ದಕ್ಕೆ ಹೋಗಿ "ಇದೂ ಅಲ್ಲ ಸರ್". ಹನ್ನೊಂದು ಟ್ಯಾಂಕ್! ಎಲ್ಲ ಗೊತ್ತಿದ್ದೂ, ಮುಖದಲ್ಲಿ ಒಂದು ಗೆರೆ ಅಲುಗದೆ. ಸುಳ್ಳು ಹೇಳಲು ಬರುವುದಿಲ್ಲ ಅಂತ ಮೇಲೆ ಬರೆದೆನಲ್ಲ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹನ್ನೊಂದನೇ ಟ್ಯಾಂಕಿಗೆ ನನ್ನಿಂದ ತಡೆಯಲಾಗಲಿಲ್ಲ. ಚಿಲ್ಲರ್ ಹಿಂದಿನಿಂದ ಪಾತ್ರೆ ಎತ್ತಿ ತಂದು ಮುಂದಿಟ್ಟೆ. ಅವತ್ತಿನಿಂದ ಆ ಕಟ್ಟಡದೊಳಗೆ ಹಿಟ್ಟು ಬರುವಂತಿಲ್ಲ. ಆದರೆ ಆ ಭಾನುವಾರ ಸಾಹೇಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ತಲಾ ನಾಲ್ಕು ಬೆಣ್ಣೆ ದೋಸೆ ತಿಂದರು. ಹಿಟ್ಟಿನ ಹುಳಿ "ಬ್ಯಾಲೆನ್ಸ್" ಆಗಿದೆ ಅಂತ ಹೊಗಳಿದರು ಬೇರೆ.

ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುತ್ತಾರೆ, ಬಣ್ಣ ಬರುವುದೇ ಸಿಪ್ಪೆಯಿಂದ. ರಸ ಇಳಿಸಿದ ಮೇಲೆ ಟ್ಯಾಂಕಿನ ತಳದಲ್ಲಿ ಉಳಿದ ಸಿಪ್ಪೆಯನ್ನು ಯಾರಾದರೂ ಒಳಗೆ ಇಳಿದು ಸಲಿಕೆಯಿಂದ ಎಳೆಯಬೇಕು. ಒಳಗೆ ಹೋಗಲು ಕೆಳಗಡೆ ಒಂದು ಸಣ್ಣ ಬಾಗಿಲು. ಹುದುಗುವಾಗ ಬರುವ ಕಾರ್ಬನ್ ಡೈಆಕ್ಸೈಡ್ ಅಲ್ಲೇ ತುಂಬಿಕೊಂಡಿರುತ್ತದೆ, ಉಸಿರು ಕಟ್ಟಿಸುತ್ತದೆ. ಮೊದಲು ಫ್ಯಾನ್ ಇಟ್ಟು ಗಾಳಿ ಆಡಿಸಿ, ಅಳೆದು ನೋಡಿ, ಹೊರಗೆ ಒಬ್ಬರನ್ನು ಕಾವಲು ನಿಲ್ಲಿಸಿಯೇ ಇಳಿಯಬೇಕು. ಇದು ಮಾತ್ರ ತಮಾಷೆ ಅಲ್ಲ. ನಿಮ್ಮವರು ಒಬ್ಬರೇ ಇಳಿಯುವುದಿಲ್ಲ ಅಂತ ಮಾತು ತೆಗೆದುಕೊಳ್ಳಿ. ನಾನು ಮೊದಲ ಸಲ ಊಟದ ಡಬ್ಬಿ ಒಯ್ದಾಗ ಇವರು ಆ ಕಿಂಡಿಯಿಂದ ತಲೆ ಮೊದಲು ಹಾಕಿ ತೂರಿಕೊಂಡು ಹೊರಗೆ ಬರುತ್ತಿದ್ದರು. ಮುಖ, ಕತ್ತು, ಕಿವಿ ಎಲ್ಲ ನೇರಳೆ ಬಣ್ಣ. ದುರ್ಗದ ಹುಡುಗ, ಕಿಂಡಿಯಲ್ಲಿ ತಲೆ, ಎದುರಿಗೆ ಹೆಂಡತಿ. "ರೀ, ನನ್ ಕೈಲಿ ಒನಕೆ ಇಲ್ಲ, ಬಚಾವಾದ್ರಿ" ಅಂದೆ. ಟ್ಯಾಂಕ್ ಪಕ್ಕ ನಿಂತಿದ್ದ ಹುಡುಗನಿಗೆ ಓಬವ್ವನ ಕಥೆ ಹೇಳುವಷ್ಟರಲ್ಲಿ ಸಾರು ಆರಿತು.

ರಜೆ ವಿಷಯ ನೀವು ಕೇಳಿಲ್ಲ, ಆದರೆ ಜಗಳ ಆಗುವುದು ಅದಕ್ಕೇ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಆಗ ಗಂಡ ನಿಮ್ಮವನಲ್ಲ. ಹಣ್ಣು ತಣ್ಣಗಿರುವಾಗಲೇ ಒಳಗೆ ಬರಲಿ ಅಂತ ನಸುಕಿನಲ್ಲೇ ಕೊಯ್ಯುತ್ತಾರೆ. ಅವರು ಹಾಸಿಗೆಗೆ ಬರುವ ಹೊತ್ತಿಗೆ ನೀವು ಹಾಲು ಕಾಯಿಸುತ್ತಿರುತ್ತೀರಿ. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ನಮ್ಮ ದುಗ್ಗಮ್ಮನ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ, ಅದೂ ಸರಿಯಾಗಿ ಕೊಯ್ಲಿನ ಹೊತ್ತಿಗೇ ಬರುತ್ತದೆ. ದಾವಣಗೆರೆಯ ಪ್ರತಿ ಮನೆಯಲ್ಲೂ ಅಳಿಯಂದಿರು ಸಾಲಾಗಿ ಕೂತಿರುವಾಗ ನಮ್ಮ ಮನೆಯಲ್ಲಿ ಮಾತ್ರ ವಿಡಿಯೊ ಕಾಲ್. ನೀವು ತಿರುಗಾಡುವುದಿದ್ದರೆ ಡಿಸೆಂಬರ್ ಒಳಗೆ ಮುಗಿಸಿ.

ಇವರು ಊರಿಗೆ ಬರುವುದು ಯುಗಾದಿಗೆ. ಬಂದರೆ ಬೇರೆ ಫಜೀತಿ. ಮಜ್ಜಿಗೆ ಲೋಟ ಕೊಟ್ಟರೆ ಗಿರಗಿರ ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚುತ್ತಾರೆ. ಅಮ್ಮ ಮೊದಲ ಸಲ ಗಾಬರಿಯಾಗಿ "ಕೆಟ್ಟೈತೇನಪ್ಪಾ?" ಅಂದಿದ್ದರು. ಇನ್ನು ಜೇಬಿನಲ್ಲಿ ಸಕ್ಕರೆ ಅಂಶ ನೋಡುವ ಒಂದು ಸಣ್ಣ ಕೊಳವೆ. ಒಂದು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಒಳಗೆ ಬ್ರಿಕ್ಸ್ ಅಂಕಿ ಕಾಣುತ್ತದೆ. ವೈನ್ ದ್ರಾಕ್ಷಿ ಸುಮಾರು 22-24 ತೋರಿಸಿದರೆ ಕೊಯ್ಲು. ಅಪ್ಪಾಜಿಗೆ ಇದರ ಹುಚ್ಚು ಹಿಡಿಯಿತು. ಅಳಿಯನನ್ನು ಕಬ್ಬಿನಹಾಲಿನ ಗಾಡಿಗೆ ಕರೆದುಕೊಂಡು ಹೋದರು. 19 ಬಂತು. ಕಬ್ಬಿಗೆ ಅದು ಒಳ್ಳೆಯ ಅಂಕಿಯೇ, ಆದರೆ ಅಪ್ಪಾಜಿ ಗಾಡಿಯವನಿಗೆ "ಇನ್ನೂ ಮೂರು ಕಮ್ಮಿ ಐತೆ ನೋಡು, ಎರಡು ರೂಪಾಯಿ ಬಿಡು" ಅಂದರು. ಅವನು ಬಿಡಲಿಲ್ಲ. ಮನೆಗೆ ಬಂದು ಅಮ್ಮನ ಬೆಲ್ಲದ ಪಾಕಕ್ಕೆ ಹಿಡಿದರು. ಆ ಕೊಳವೆಯಲ್ಲಿ ಅಂಕಿ ಇರುವುದೇ 32ರ ತನಕ. ಗೆರೆ ಎಲ್ಲೂ ಕಾಣಲಿಲ್ಲ. "ಮೀಟರ್ ಮುಗಿದೋಯ್ತು ಅತ್ತೆ" ಅಂದರು ಇವರು. ನಮ್ಮ ಮನೆ ಪಾಕಕ್ಕೆ ಅಳಿಯನ ಮಿಷನ್ನೇ ಸಾಕಾಗಲಿಲ್ಲ ಅಂತ ಅಮ್ಮ ಇವತ್ತಿಗೂ ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಾರೆ.

ಸಾಮಾನು. ಗ್ರೈಂಡರ್ ಒಯ್ಯಿರಿ. ಬಿಳಿ ಬೆಡ್‌ಶೀಟ್, ಬಿಳಿ ಟವೆಲ್ ಇಲ್ಲೇ ಬಿಡಿ. ಮದುವೆಯಲ್ಲಿ ಕೊಟ್ಟವರಿಗೆ ಥ್ಯಾಂಕ್ಸ್ ಹೇಳಿ ತಂಗಿಗೆ ಕೊಟ್ಟುಬಿಡಿ. ಕೊಯ್ಲಿನ ಮೂರು ತಿಂಗಳು ಅವರು ಮುಟ್ಟಿದ್ದೆಲ್ಲ ನೇರಳೆ. ಸ್ವೆಟರ್ ಇಬ್ಬರಿಗೂ ಬೇಕು. ದಾರಿ ಸುಲಭ, ಪುಣೆ ತನಕ ನಮ್ಮ ಊರ ಮುಂದಿನ ಹೈವೇನೇ, ಅಲ್ಲಿಂದ ನಾಸಿಕ್‌ಗೆ ಬಸ್ ಬೇಕಾದಷ್ಟು. ಮಂಡಕ್ಕಿ ಹೊತ್ತುಕೊಂಡು ಹೋಗಬೇಡಿ, ಅಲ್ಲೂ ಸಿಗುತ್ತದೆ, ಕುರ್ಮುರೆ ಅಂತ ಕೇಳಿ. ನಮ್ಮ ಅಪ್ಪಾಜಿ ಮಾತ್ರ ಇದನ್ನು ಒಪ್ಪುವುದಿಲ್ಲ. ಪ್ರತಿ ಸಲ ಮಂಡಕ್ಕಿ ಭಟ್ಟಿಗೆ ಹೋಗಿ ಒಂದು ದೊಡ್ಡ ಚೀಲ ತುಂಬಿಸಿಕೊಂಡು ಬರುತ್ತಾರೆ. ತೂಕ ಇಲ್ಲ, ಆದರೆ ಬಸ್ಸಿನಲ್ಲಿ ಒಂದು ಸೀಟು ಬೇಕು. ಮುಂದಿನ ವಾರ ಪುಣೆ ಬಸ್ಸಿನಲ್ಲಿ ಮಂಡಕ್ಕಿ ಚೀಲ ತಬ್ಬಿಕೊಂಡು ಕೂತವಳು ಕಂಡರೆ ಅದು ನಾನೇ.