ನರ್ಸಿಂಗ್ ಪ್ರವೇಶ ಪರೀಕ್ಷೆಯ ಲೆಕ್ಕ: ಏಳನೇ ಕ್ಲಾಸಿನ ಪುಸ್ತಕ ಸಾಕು, ಅಳತೆ ಮಾತ್ರ ಬೇರೆ

ತಂಗಿ, ಬಿ.ಕಾಂ. ಮುಗಿಸಿ ಎಂಟು ವರ್ಷ ಆಯ್ತು, ಮುಂದಿನ ತಿಂಗಳು ತೀರ್ಥಹಳ್ಳಿಯಿಂದ ಅಮೆರಿಕಕ್ಕೆ ಹೊರಟಿದ್ದೀನಿ, ಅಲ್ಲಿ ಕಮ್ಯುನಿಟಿ ಕಾಲೇಜಲ್ಲಿ ನರ್ಸಿಂಗ್ ಸೇರೋ ಆಸೆ, ಆದರೆ ಪ್ರವೇಶ ಪರೀಕ್ಷೆಯ ಲೆಕ್ಕ ಅಂದ್ರೆ ಭಯ ಅಂತ ಬರೆದಿದ್ದೀಯ. ಭಯ ಬೇಡ ಮಾರಾಯ್ತಿ. ಲೆಕ್ಕವೆಲ್ಲ ನಮ್ಮ ಏಳು-ಎಂಟನೇ ಕ್ಲಾಸಿನದ್ದೇ. ಊರಿಂದ ಬಂದವರು ಇಲ್ಲಿ ಅಮೆರಿಕದಲ್ಲಿ ಎಡವೋದು ಪೌಂಡು, ಔನ್ಸು, ಗ್ಯಾಲನ್ನಿನ ಹತ್ತಿರ.

ಮೊದಲು ನೀನು ಸೇರೋ ಕಾಲೇಜು ಯಾವ ಪರೀಕ್ಷೆ ಕೇಳುತ್ತೆ ನೋಡಿಕೊ. ಬಹಳ ಕಡೆ ಟೀಸ್ (TEAS), ಕೆಲವು ಕಡೆ ಹೆಸಿ (HESI). ಟೀಸ್‌ನ ಏಳನೇ ಆವೃತ್ತಿಯಲ್ಲಿ ಗಣಿತಕ್ಕೆ 38 ಪ್ರಶ್ನೆ, 57 ನಿಮಿಷ. ಒಂದಕ್ಕೆ ಒಂದೂವರೆ ನಿಮಿಷ ಸಿಕ್ಕಂತಾಯ್ತು. 38ರಲ್ಲಿ 4ಕ್ಕೆ ಅಂಕವೇ ಇಲ್ಲ, ಆದರೆ ಯಾವ ನಾಲ್ಕು ಅಂತ ಹೇಳೋದಿಲ್ಲ, ಹಾಗಾಗಿ ಎಲ್ಲವನ್ನೂ ಮಾಡಲೇಬೇಕು. ಕ್ಯಾಲ್ಕುಲೇಟರ್ ಅವರೇ ಕೊಡ್ತಾರೆ, ನಿನ್ನದನ್ನ ಒಯ್ಯೋ ಹಾಗಿಲ್ಲ. ಅದು ಕೂಡು, ಕಳೆ, ಗುಣಿಸು, ಭಾಗಿಸು ಅಷ್ಟೇ ಇರೋ ಸಾದಾದ್ದು. ಅಂಥವು ಬಹುಪಾಲು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡ್ತವೆ. 2 + 3 × 4 ಒತ್ತಿದರೆ 14ರ ಬದಲು 20 ಬರಬಹುದು. ಗುಣಾಕಾರ ಮೊದಲು ಮಾಡಿ ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಕೂಡು.

ಬಾಡ್‌ಮಾಸ್, ಅಂದ್ರೆ ಯಾವ ಲೆಕ್ಕ ಮೊದಲು ಯಾವುದು ಆಮೇಲೆ ಅನ್ನೋ ಸೂತ್ರ, ನೆನಪಿರೋರು ಎಡವೋ ಜಾಗ ಇನ್ನೊಂದಿದೆ. ಭಾಗಾಕಾರ ಗುಣಾಕಾರಕ್ಕಿಂತ ಮೊದಲು, ಕೂಡೋದು ಕಳೆಯೋದಕ್ಕಿಂತ ಮೊದಲು ಅಂತ ಹಲವರು ತಿಳಿದಿರ್ತಾರೆ. ಹಾಗಲ್ಲ, ಈ ಜೋಡಿಗಳಲ್ಲಿ ಎಡದಿಂದ ಬಲಕ್ಕೆ ಯಾವುದು ಮೊದಲು ಬರುತ್ತೋ ಅದು. 10 − 4 + 3 ಅಂದ್ರೆ 9. 4 + 3 ಮೊದಲು ಕೂಡಿದರೆ 3 ಬರುತ್ತೆ, ಮತ್ತೆ ಆ 3 ಕೂಡ ಆಯ್ಕೆಗಳಲ್ಲಿ ಕೂತಿರುತ್ತೆ. ತಪ್ಪು ಮಾಡೋರ ಉತ್ತರವನ್ನೇ ಆಯ್ಕೆಯಾಗಿ ಇಡೋದು ಪ್ರಶ್ನೆ ತೆಗೆಯೋರ ಹಳೇ ಚಾಳಿ.

ಭಿನ್ನರಾಶಿಯನ್ನ ಪೂರ್ತಿ ತಿದ್ದಿಕೊ. 2 1/3 ರಿಂದ 1 3/4 ಕಳೆ ಅಂದ್ರೆ ಪೂರ್ಣವನ್ನ ಬೇರೆ, ಭಿನ್ನವನ್ನ ಬೇರೆ ಕಳೆಯೋಕೆ ಹೋಗಬೇಡ. 1/3 ರಿಂದ 3/4 ಹೋಗಲ್ಲ, ಅಲ್ಲೇ ಸಿಕ್ಕಿಹಾಕಿಕೊಳ್ತೀಯ. ಎರಡನ್ನೂ ವಿಷಮ ಭಿನ್ನ ಮಾಡು: 7/3, 7/4. ಛೇದಗಳ ಲ.ಸಾ.ಅ. 12. 28/12 − 21/12 = 7/12.

ಶೇಕಡಾ ನಿನಗೆ ಗೊತ್ತು, ಬಿ.ಕಾಂ. ಓದಿದವಳು. ಏರಿಕೆ-ಇಳಿಕೆಯಲ್ಲಿ ಮಾತ್ರ ಹುಷಾರು. ಅಡಿಕೆ ಕ್ವಿಂಟಲ್‌ಗೆ 40,000 ಇದ್ದದ್ದು 50,000 ಆಯ್ತು ಅಂದುಕೋ, ಏರಿಕೆ ಶೇ. 25. ಅದೇ 50,000 ತಿರುಗಿ 40,000ಕ್ಕೆ ಇಳಿದರೆ ಶೇ. 20 ಮಾತ್ರ. ಯಾವಾಗಲೂ ಹಳೇ ಬೆಲೆಯಿಂದ ಭಾಗಿಸಬೇಕು. ಅಂದಹಾಗೆ, ಇಲ್ಲಿ ಎರಡೂವರೆ ಲಕ್ಷವನ್ನ 250,000 ಅಂತ ಬರೀತಾರೆ. ಕಣ್ಣು ಅದಕ್ಕೆ ಒಗ್ಗಬೇಕು.

ಇನ್ನು ಅಳತೆ. ಇವಿಷ್ಟು ಬಾಯಿಪಾಠ ಆಗಲಿ: 1 ಅಡಿ 12 ಇಂಚು, 1 ಗಜ 3 ಅಡಿ, 1 ಇಂಚು 2.54 ಸೆಂ.ಮೀ., 1 ಪೌಂಡು 16 ಔನ್ಸು, 1 ಕೆ.ಜಿ. 2.2 ಪೌಂಡು. ದ್ರವಕ್ಕೆ 1 ಕಪ್ 8 ಫ್ಲೂಯಿಡ್ ಔನ್ಸು, 2 ಕಪ್ಪಿಗೆ 1 ಪಿಂಟ್, 2 ಪಿಂಟಿಗೆ 1 ಕ್ವಾರ್ಟ್, 4 ಕ್ವಾರ್ಟಿಗೆ 1 ಗ್ಯಾಲನ್. ಔಷಧಿಗೆ ಟೀ ಚಮಚ 5 ಎಂ.ಎಲ್., ಟೇಬಲ್ ಚಮಚ 15.

ಗುಣಿಸಬೇಕೋ ಭಾಗಿಸಬೇಕೋ ಅನ್ನೋದೇ ಎಲ್ಲರ ಗೊಂದಲ. ಮಾನವನ್ನೂ (ಅಡಿ, ಮೀಟರ್ ಅನ್ನೋ ಅಳತೆಯ ಹೆಸರನ್ನ) ಅಂಕಿಯ ಜೊತೆ ಬರೆ, ಬೇಡದ ಮಾನ ಮೇಲೊಂದು ಕೆಳಗೊಂದು ಬಂದು ಹೊಡೆದುಹೋಗಬೇಕು. ಜೋಗದ ಎತ್ತರ 253 ಮೀಟರ್. ಒಂದು ಮೀಟರಿಗೆ 3.28 ಅಡಿ. ಮೀಟರ್ ಹೊಡೆದುಹೋಗಿ ಅಡಿ ಉಳಿಯಬೇಕಾದರೆ ಗುಣಿಸಬೇಕು, ಸುಮಾರು 830 ಅಡಿ. ಉತ್ತರ 77 ಬಂದರೆ ತಲೆಕೆಳಗಾಗಿದೆ ಅಂತ ಕಣ್ಣಿಗೇ ಗೊತ್ತಾಗುತ್ತೆ.

ಎತ್ತರ 5 ಅಡಿ 4 ಇಂಚನ್ನ 5.4 ಅಡಿ ಅಂತ ಬರೆಯೋದು ನಮ್ಮವರ ಖಾಯಂ ತಪ್ಪು. 5.4 ಅಡಿ ಅಂದ್ರೆ 5 ಅಡಿ 4.8 ಇಂಚು. ಎಲ್ಲವನ್ನೂ ಇಂಚು ಮಾಡು: 64. ಅದನ್ನ 2.54ರಿಂದ ಗುಣಿಸಿದರೆ 162.56 ಸೆಂ.ಮೀ.

ವಿಸ್ತೀರ್ಣದಲ್ಲಿ ಮಾನ ಎರಡು ಸಲ ಬದಲಾಗುತ್ತೆ. ಇದಕ್ಕೆ ನಮ್ಮ ಗುಂಟೆಯೇ ಒಳ್ಳೇ ಉದಾಹರಣೆ. ಗುಂಟೆ ಅಂದ್ರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಗಜದಲ್ಲಿ 11ಕ್ಕೆ 11, ಅಂದ್ರೆ 121 ಚದರ ಗಜ. 1,089ನ್ನ 3ರಿಂದಲ್ಲ, 9ರಿಂದ ಭಾಗಿಸಿದರೆ 121 ಬರೋದು. 40 ಗುಂಟೆಗೆ 43,560 ಚದರ ಅಡಿ, ಇಲ್ಲಿನ ಎಕರೆಯೂ ಅಷ್ಟೇ.

ಔಷಧಿ ಲೆಕ್ಕ ಕಾಲೇಜಿಗೆ ಸೇರಿದ ಮೇಲೆ ನಿಜವಾಗಿ ಶುರುವಾಗುತ್ತೆ, ಆದರೂ ಈಗಲೇ ಒಂದು ಮಾಡಿ ನೋಡು. ಮಗು 44 ಪೌಂಡು, ಕೆ.ಜಿ.ಗೆ 20 ಮಿ.ಗ್ರಾಂ. ಕೊಡಬೇಕು, ಸಿರಪ್ಪಿನಲ್ಲಿ 5 ಎಂ.ಎಲ್.ಗೆ 250 ಮಿ.ಗ್ರಾಂ. ಇದೆ. 44 ÷ 2.2 = 20 ಕೆ.ಜಿ. ಬೇಕಾದ್ದು 400 ಮಿ.ಗ್ರಾಂ. 400 ÷ 250 × 5 = 8 ಎಂ.ಎಲ್. ಮೊದಲ ಹೆಜ್ಜೆಯಲ್ಲಿ ಭಾಗಿಸೋ ಬದಲು ಗುಣಿಸಿದರೆ ಮಗು 96.8 ಕೆ.ಜಿ. ಆಗಿ ಔಷಧಿ ಸುಮಾರು ಐದು ಪಟ್ಟು ಹೋಗುತ್ತೆ. ಬರೆಯುವಾಗ .5 ಅಲ್ಲ, 0.5, 5.0 ಅಲ್ಲ, 5. ಚುಕ್ಕಿ ಕಾಣದಿದ್ದರೆ ಎರಡೂ ಹತ್ತು ಪಟ್ಟು ಆಗಿಬಿಡುತ್ತೆ, ಅದಕ್ಕೇ ಆಸ್ಪತ್ರೆಗಳಲ್ಲಿ ಈ ಕಟ್ಟುನಿಟ್ಟು.

ಕೆಲವು ಪ್ರಶ್ನೆಗೆ ಆಯ್ಕೆ ಇರಲ್ಲ, ಉತ್ತರ ನೀನೇ ಟೈಪ್ ಮಾಡಬೇಕು. ಎಷ್ಟು ದಶಮಾಂಶ ಸ್ಥಾನ ಕೇಳಿದ್ದಾರೆ ನೋಡು, ಮತ್ತೆ ಕೊನೇ ಹೆಜ್ಜೆಯಲ್ಲಿ ಮಾತ್ರ ಅಷ್ಟು ಸ್ಥಾನಕ್ಕೆ ರೌಂಡ್ ಆಫ್ ಮಾಡು. ನಡುವೆ ಮಾಡಿದರೆ ಕಡೇ ಅಂಕಿ ಜಾರುತ್ತೆ.

ದುಬಾರಿ ಕೋಚಿಂಗ್ ಬೇಡ. ಏಳು, ಎಂಟನೇ ಕ್ಲಾಸಿನ ಇಂಗ್ಲಿಷ್ ಮೀಡಿಯಂ ಗಣಿತ ಪುಸ್ತಕ ಊರಲ್ಲೇ ತಗೊ, ಛೇದ, ಅನುಪಾತಕ್ಕೆಲ್ಲ ಇಂಗ್ಲಿಷಲ್ಲಿ ಏನಂತಾರೆ ಅಂತ ಅದರಲ್ಲೇ ಸಿಗುತ್ತೆ. ಪಾಸು ಅಂಕ, ಮತ್ತೆ ಬರೆಯೋಕೆ ಎಷ್ಟು ದಿನ ಕಾಯಬೇಕು, ಎಷ್ಟು ಸಲ ಬಿಡ್ತಾರೆ ಅನ್ನೋದು ಒಂದೊಂದು ಕಾಲೇಜಿಗೆ ಒಂದೊಂದು ಥರ. ಅದನ್ನ ಕಾಲೇಜಿಗೇ ಮೇಲ್ ಮಾಡಿ ಕೇಳಿ, ಆಮೇಲೆ ಪರೀಕ್ಷೆಯ ದಿನ ಗೊತ್ತು ಮಾಡು.