ಡಿಜಿಟಲ್ ನೈಟ್ ವಿಷನ್ ಸ್ಕೋಪ್‌ ಇದ್ದರೆ ರಾತ್ರಿ ಎಷ್ಟು ದೂರದ ಪ್ರಾಣಿಗೆ ಗುರಿಯಿಡಬಹುದು?

ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ರಾತ್ರಿ ಹೊತ್ತು ಬೇಟೆಯಾಡಲು ಕಾನೂನಿನ ಅನುಮತಿ ಇರುವ ಪ್ರದೇಶದಲ್ಲಿ ನೀವಿದ್ದೀರಿ. ಬಂದೂಕಿನ ಮೇಲಿರುವ ಹಗಲಿನ ಸ್ಕೋಪನ್ನು, ಅಂದರೆ ಗುರಿ ನೋಡುವ ದುರ್ಬೀನನ್ನು, ಬಿಚ್ಚಿ ಡಿಜಿಟಲ್ ನೈಟ್ ವಿಷನ್ ಸ್ಕೋಪ್ ಕೂರಿಸಬೇಕೆಂದಿದ್ದೀರಿ. ಪೆಟ್ಟಿಗೆಯ ಮೇಲೆ 400 ಮೀಟರ್ ಎಂದು ಬರೆದಿರುವುದರಿಂದ 200 ಮೀಟರ್ ದೂರದ ಹಂದಿಗೆ ಧೈರ್ಯವಾಗಿ ಗುಂಡು ಹಾರಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ಹಾರಿಸಬಾರದು ಎಂಬುದು ನನ್ನ ಸ್ಪಷ್ಟವಾದ ಉತ್ತರ. ಪೆಟ್ಟಿಗೆಯ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಅಲ್ಲಿ ಏನೋ ಒಂದು ಇದೆ ಎಂದು ಗೊತ್ತಾಗುವ ದೂರವೇ ಹೊರತು, ಅದು ಹಂದಿಯೇ ಎಂದು ಖಾತ್ರಿಯಾಗುವ ದೂರವಲ್ಲ. ಇವೆರಡರ ನಡುವಿನ ಅಂತರ ಎಷ್ಟು ದೊಡ್ಡದೆಂದು ತಿಳಿದುಕೊಂಡ ಮೇಲೆಯೇ ಈ ಸಾಧನವನ್ನು ಬಂದೂಕಿನ ಮೇಲೆ ಕೂರಿಸಬೇಕು.

ಮೊದಲು ಕಾನೂನಿನ ಮಾತು, ಚುಟುಕಾಗಿ. ರಾತ್ರಿ ಬೇಟೆಯ ನಿಯಮಗಳು ದೇಶದಿಂದ ದೇಶಕ್ಕೆ ಮಾತ್ರವಲ್ಲ, ಒಂದೇ ದೇಶದೊಳಗೆ ಪ್ರಾಣಿಯಿಂದ ಪ್ರಾಣಿಗೂ ಬದಲಾಗುತ್ತವೆ. ಬ್ರಿಟನ್ನಿನಲ್ಲಿ ನರಿಯನ್ನು ನೈಟ್ ವಿಷನ್ ಬಳಸಿ ರಾತ್ರಿ ಹೊಡೆಯಬಹುದು, ಆದರೆ ವಿಶೇಷ ಪರವಾನಗಿಯಿಲ್ಲದೆ ಜಿಂಕೆಯನ್ನು ರಾತ್ರಿ ಹೊಡೆಯುವುದು ಅಪರಾಧ. ಭಾರತದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬೇಟೆಗೇ ನಿಷೇಧವಿದೆ. ಆದ್ದರಿಂದ ಈ ಉತ್ತರವನ್ನು ಓದುವ ಇತರರು ಇದನ್ನು ನಿಮ್ಮಂತೆ ಅನುಮತಿ ಇರುವವರಿಗೆ ಬರೆದದ್ದೆಂದೇ ತಿಳಿಯಬೇಕು. ಬೇಟೆಗೆ ಅನುಮತಿ ಇದ್ದರೂ ನೈಟ್ ವಿಷನ್ ಸಾಧನಕ್ಕೆ ಅನುಮತಿ ಇರದ ಕಡೆಗಳೂ ಉಂಟು. ಈ ಎರಡನ್ನೂ ಬೇರೆ ಬೇರೆಯಾಗಿಯೇ ವಿಚಾರಿಸಿಕೊಳ್ಳಿ.

ಈಗ ಸಾಧನದ ವಿಷಯ. ಡಿಜಿಟಲ್ ನೈಟ್ ವಿಷನ್ ಸ್ಕೋಪ್ ಎಂದರೆ ಮುಂದೆ ಒಂದು ಲೆನ್ಸ್, ಅದರ ಹಿಂದೆ ಕ್ಯಾಮೆರಾದಲ್ಲಿರುವಂಥದೇ ಸೆನ್ಸರ್, ಕೊನೆಗೆ ಕಣ್ಣಿನ ಬಳಿ ಒಂದು ಪುಟ್ಟ ಪರದೆ. ಹಗಲಿನ ಸ್ಕೋಪಿನಲ್ಲಿ ನಾವು ಗಾಜಿನ ಮೂಲಕ ಪ್ರಾಣಿಯನ್ನೇ ನೋಡುತ್ತೇವೆ, ಇಲ್ಲಿ ನೋಡುವುದು ಪ್ರಾಣಿಯ ವಿಡಿಯೊವನ್ನು. ಸಿಲಿಕಾನ್ ಸೆನ್ಸರ್ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಸುಮಾರು 1000 ನ್ಯಾನೋಮೀಟರ್ ತರಂಗಾಂತರದವರೆಗೂ ಹಿಡಿಯಬಲ್ಲದು, ಹಾಗಾಗಿ ಸ್ಕೋಪಿನ ಮೇಲೆ ಕೂರಿಸಿದ ಇನ್‌ಫ್ರಾರೆಡ್ ದೀಪವೇ ಇಲ್ಲಿ ಬ್ಯಾಟರಿ ದೀಪದ ಕೆಲಸ ಮಾಡುತ್ತದೆ. ಹಳೆಯ ಬಗೆಯ ಟ್ಯೂಬ್ ನೈಟ್ ವಿಷನ್ ಹಗಲಿನ ಬೆಳಕಿಗೆ ತೆರೆದರೆ ಹಾಳಾಗುತ್ತದೆ. ಡಿಜಿಟಲ್ ಸ್ಕೋಪಿಗೆ ಆ ಭಯವಿಲ್ಲ, ನೇರವಾಗಿ ಸೂರ್ಯನತ್ತ ತಿರುಗಿಸದಿದ್ದರೆ ಸಾಕು. ಹಗಲಲ್ಲೇ ಕಾಗದದ ಗುರಿಹಲಗೆಯ ಮೇಲೆ ಗುರಿ ಹೊಂದಿಸಿಕೊಳ್ಳಬಹುದೆಂಬುದು ನನ್ನ ಮಟ್ಟಿಗೆ ಇದರ ಅತಿ ದೊಡ್ಡ ಅನುಕೂಲ.

ಸೆನ್ಸರಿನ ಮೇಲೆ ಮೂಡುವುದು ವಿಡಿಯೊ ಆದ್ದರಿಂದ, ಪ್ರಾಣಿ ಎಷ್ಟು ಪಿಕ್ಸೆಲ್‌ಗಳನ್ನು ಆವರಿಸುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. 1958ರಲ್ಲಿ ಜಾನ್ ಜಾನ್ಸನ್ ಎಂಬ ವಿಜ್ಞಾನಿ ಅಮೆರಿಕದ ಸೇನೆಗಾಗಿ ನಡೆಸಿದ ಪ್ರಯೋಗಗಳಿಂದ ಕೊಟ್ಟ ಅಳತೆಗಳು ಇಂದಿಗೂ ಈ ಕ್ಷೇತ್ರದಲ್ಲಿ ಬಳಕೆಯಲ್ಲಿವೆ. ಕಪ್ಪುಬಿಳುಪಿನ ಗೆರೆಜೋಡಿಗಳ (ಒಂದು ಕಪ್ಪು, ಒಂದು ಬಿಳಿ ಗೆರೆ ಸೇರಿ ಒಂದು ಜೋಡಿ) ಲೆಕ್ಕದಲ್ಲಿ, ವಸ್ತುವಿನ ಕಿರಿದಾದ ಅಳತೆಯ ಮೇಲೆ ಒಂದು ಜೋಡಿ ಕೂತರೆ ಏನೋ ಇದೆ ಎಂದು ತಿಳಿಯುತ್ತದೆ, ಸುಮಾರು 4 ಜೋಡಿ ಕೂತರೆ ಅದು ಯಾವ ಬಗೆಯದೆಂದು ತಿಳಿಯುತ್ತದೆ, 6.4 ಜೋಡಿ ಕೂತರೆ ಇಂಥದ್ದೇ ಎಂದು ಗುರುತಿಸಬಹುದು. ಬರೀ ಈ ಲೆಕ್ಕ ಹಿಡಿದರೂ 400 ಮೀಟರ್‌ನಲ್ಲಿ ಇರವು ತಿಳಿಯುವ ಪ್ರಾಣಿಯನ್ನು ಗುರುತಿಸಲು ಸುಮಾರು 60 ಮೀಟರ್‌ಗೆ ಬರಬೇಕಾಗುತ್ತದೆ. ಇದರಲ್ಲಿ ಎಲ್ಲರೂ ಮರೆಯುವ ಇನ್ನೊಂದು ಅಂಶವಿದೆ: ಆ ಅಂಕಿಗಳು ನೋಡುವವನು ಸರಿಯಾಗಿ ಹೇಳುವ ಸಾಧ್ಯತೆ 50 ಪ್ರತಿಶತ ಇರುವ ಹಂತದವು. ಎರಡರಲ್ಲಿ ಒಂದು ಸಲ ತಪ್ಪಾಗಬಹುದಾದ ಗುರುತನ್ನು ನೆಚ್ಚಿ ಟ್ರಿಗರ್ ಎಳೆಯುವುದು ಯಾವ ಬೇಟೆಗಾರನಿಗೂ ಸಲ್ಲದು. ಎಲ್ಲ ಸ್ಕೋಪುಗಳೂ ನಿಖರವಾಗಿ ಈ ಲೆಕ್ಕಕ್ಕೆ ಹೊಂದುತ್ತವೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಲೆನ್ಸೂ ಒಳ್ಳೆಯ ದೀಪವೂ ಇದ್ದರೆ 100 ಮೀಟರ್ ಆಚೆಗೂ ಪ್ರಾಣಿ ಸ್ಪಷ್ಟವಾಗಿ ಕಂಡೀತು. ಆದರೆ ನಿಮ್ಮ ಸ್ಕೋಪಿನ ದೂರವನ್ನು ನಿರ್ಧರಿಸಬೇಕಾದವರು ನೀವೇ, ಪೆಟ್ಟಿಗೆಯಲ್ಲ.

ಜೂಮ್ ಹೆಚ್ಚಿಸಿದರೆ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಡಿಜಿಟಲ್ ಜೂಮ್ ಹೊಸ ವಿವರವನ್ನೇನೂ ತರುವುದಿಲ್ಲ, ಇರುವ ಪಿಕ್ಸೆಲ್‌ಗಳನ್ನೇ ಹಿಗ್ಗಿಸಿ ತೋರಿಸುತ್ತದೆ. ಮೂಲ ವರ್ಧನೆಯಲ್ಲಿ, ಅಂದರೆ ಜೂಮ್ ಮಾಡದಿದ್ದಾಗಿನ ಹಿಗ್ಗಿಕೆಯಲ್ಲಿ, ಗುರುತಾಗದ ಪ್ರಾಣಿ ನಾಲ್ಕು ಪಟ್ಟು ಜೂಮ್‌ನಲ್ಲೂ ಗುರುತಾಗುವುದಿಲ್ಲ, ದೊಡ್ಡದಾದ ಮಸುಕಾಗುತ್ತದೆ ಅಷ್ಟೆ. ಆದ್ದರಿಂದ ಕೊಳ್ಳುವಾಗ ಗರಿಷ್ಠ ಜೂಮ್ ಎಷ್ಟೆಂದು ನೋಡದೆ ಮೂಲ ವರ್ಧನೆ, ಮುಂದಿನ ಲೆನ್ಸಿನ ಅಗಲ, ಸೆನ್ಸರಿನ ಗುಣಮಟ್ಟ ಈ ಮೂರನ್ನು ನೋಡಿ.

ಇನ್‌ಫ್ರಾರೆಡ್ ದೀಪದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ರಾತ್ರಿಯ ಚಿತ್ರ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ದೂರ ಇಮ್ಮಡಿಯಾದರೆ ಪ್ರಾಣಿಯ ಮೇಲೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಪ್ರಾಣಿ ಆವರಿಸುವ ಪಿಕ್ಸೆಲ್‌ಗಳ ಸಂಖ್ಯೆಯೂ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ದೀಪಗಳಲ್ಲಿ ಮುಖ್ಯವಾಗಿ 850 ಮತ್ತು 940 ನ್ಯಾನೋಮೀಟರ್ ಎಂಬ ಎರಡು ಬಗೆಗಳಿವೆ. 850ರ ದೀಪವನ್ನು ಎದುರಿನಿಂದ ನೋಡಿದರೆ ಮಂದವಾದ ಕೆಂಪು ಚುಕ್ಕೆ ಕಾಣಿಸುತ್ತದೆ, 940ರದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆದರೆ ಸೆನ್ಸರಿನ ಸಂವೇದನೆ 940ರ ಹೊತ್ತಿಗೆ ಸಾಕಷ್ಟು ಕುಗ್ಗಿರುವುದರಿಂದ ಅದೇ ಶಕ್ತಿಯ ದೀಪ ಕಡಿಮೆ ದೂರವನ್ನು ಬೆಳಗುತ್ತದೆ. ಪ್ರಾಣಿಗಳು ಬೆದರಿ ಓಡುತ್ತಿಲ್ಲವೆಂದಾದರೆ 850ರದೇ ವಾಸಿ ಎಂಬುದು ನನ್ನ ಅಭಿಪ್ರಾಯ. ದೀಪದ ಕಿರಣ ಕಿರಿದು ಮಾಡಲು ಬರುವಂತಿರಬೇಕು, ಶಕ್ತಿ ಏರಿಳಿಸಲು ಬರಬೇಕು. ಎದುರಿಗೆ ಹುಲ್ಲಿನ ಗರಿಯೋ ಬೇಲಿಯ ತಂತಿಯೋ ಇದ್ದರೆ ಅದು ದೀಪದ ಬೆಳಕನ್ನು ಹಿಂದಕ್ಕೆ ಎರಚಿ, ಸ್ಕೋಪ್ ತನ್ನ ಬೆಳಕಿನ ಮಟ್ಟವನ್ನು ಆ ಹೊಳಪಿಗೆ ಹೊಂದಿಸಿಕೊಂಡು, ಹಿಂದಿನ ಹೊಲವೆಲ್ಲ ಕಪ್ಪಾಗಿ ಹೋಗುತ್ತದೆ. ಮಂಜು, ಧೂಳು, ಸೋನೆಮಳೆಗಳಲ್ಲೂ ಇದೇ ಪಾಡು. ಆಗ ಶಕ್ತಿ ಹೆಚ್ಚಿಸುವುದು ಸಹಜವಾದರೂ ಅದರಿಂದ ಬಿಳಿಪರದೆ ಇನ್ನಷ್ಟು ದಟ್ಟವಾಗುತ್ತದೆ. ಶಕ್ತಿ ತಗ್ಗಿಸಿ, ಕಿರಣವನ್ನು ಕಿರಿದು ಮಾಡಿ, ಎದುರಿನ ಹುಲ್ಲಿಗಿಂತ ಎತ್ತರದ ಜಾಗಕ್ಕೆ ಹೋಗಬೇಕು. ಲೇಸರ್ ಬಗೆಯ ದೀಪವಾದರೆ ಅದು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಿ. ಬೆಳಕು ಕಾಣದ ಕಾರಣ ಎದುರಿನವರು ಕಣ್ಣು ಮುಚ್ಚುವುದೂ ಇಲ್ಲ.

ಈ ಬೆಳಕಿನಲ್ಲಿ ಬಣ್ಣಗಳು ನಂಬಲು ಬರುವುದಿಲ್ಲ. ಹಸಿರೆಲೆ ಇನ್‌ಫ್ರಾರೆಡ್ಡನ್ನು ಚೆನ್ನಾಗಿ ಪ್ರತಿಫಲಿಸುವುದರಿಂದ ಹೊಲ ಬೆಳ್ಳಗೆ ಕಾಣುತ್ತದೆ, ಹಗಲಲ್ಲಿ ಕಪ್ಪಾಗಿರುವ ಬಟ್ಟೆ ಬಿಳಿಯಾಗಿ ಕಾಣಬಹುದು, ಬೇಟೆಗಾರರು ಗುರುತಿಗೆಂದು ತೊಡುವ ಕಿತ್ತಳೆ ಬಣ್ಣದ ಮೇಲಂಗಿಯೂ ಬೂದು ಛಾಯೆಯೊಂದಾಗಿ ಕಳೆದುಹೋಗುತ್ತದೆ. ಹೀಗಾಗಿ ಜೊತೆಗಾರ ಎಲ್ಲಿದ್ದಾನೆಂಬುದು ಸ್ಕೋಪಿನಲ್ಲಿ ಕಂಡುಹಿಡಿಯುವ ವಿಷಯವೇ ಅಲ್ಲ, ಬಂದೂಕಿಗೆ ಗುಂಡು ತುಂಬುವ ಮೊದಲೇ ಮಾತಾಡಿಕೊಂಡು ಗೊತ್ತುಮಾಡಿಕೊಂಡಿರಬೇಕಾದ ವಿಷಯ.

ಕಣ್ಣಿನ ಹೊಳಪಿನ ಬಗ್ಗೆಯೂ ಎಚ್ಚರ ಬೇಕು. ಜಿಂಕೆ, ದನ, ನಾಯಿ, ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರವಿದೆ, ಆದ್ದರಿಂದ ಅವುಗಳ ದೇಹ ಕಾಣದಷ್ಟು ದೂರದಿಂದಲೂ ಕಣ್ಣುಗಳು ಎರಡು ಬಿಳಿ ಚುಕ್ಕೆಗಳಾಗಿ ಉರಿಯುತ್ತವೆ. ಹಂದಿಯ ಕಣ್ಣಿನಲ್ಲಿ ಆ ಪದರವಿಲ್ಲ, ಅದರ ಹೊಳಪು ಬಹಳ ಮಂದ. ಅಂದರೆ ಹಂದಿಗೆ ಕಾದು ಕೂತವನಿಗೆ ದೂರದಲ್ಲಿ ಪ್ರಖರವಾಗಿ ಹೊಳೆಯುವ ಜೋಡಿ ಕಣ್ಣು ಕಂಡರೆ ಅದು ಬಹುಪಾಲು ಹಂದಿಯಲ್ಲ, ಪಕ್ಕದ ಹೊಲದವರ ಕರುವೋ ನಾಯಿಯೋ ಇರಬಹುದು. ಹೊಸಬರು ಕಣ್ಣು ಹೊಳೆದ ಕೂಡಲೇ ಉತ್ಸಾಹಗೊಳ್ಳುವುದನ್ನು ನಾನು ನೋಡಿದ್ದೇನೆ. ಹಂದಿಯ ವಿಷಯದಲ್ಲಿ ಆ ಹೊಳಪು ಬೆರಳನ್ನು ಟ್ರಿಗರಿನಿಂದ ದೂರವಿಡಬೇಕಾದ ಸೂಚನೆ. ಪ್ರಾಣಿ ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ. ಉದ್ದ ಮೂತಿ, ಕುತ್ತಿಗೆಯೇ ಇಲ್ಲವೆಂಬಂತೆ ಹೆಗಲಿಗೆ ಅಂಟಿದ ತಲೆ, ಹಿಂದಕ್ಕೆ ಇಳಿಜಾರಾದ ಬೆನ್ನು, ಗಿಡ್ಡ ಕಾಲು, ನೆಲ ಕೆದಕುತ್ತಾ ಸಾಗುವ ರೀತಿ ಇಷ್ಟೂ ಕಂಡ ಮೇಲೆ ಅನುಮಾನ ಉಳಿಯುವುದಿಲ್ಲ. ಹಿಂದೆ ಮರಿಗಳಿವೆಯೇ ಎಂಬುದೂ ಆಗ ಕಾಣುತ್ತದೆ.

ಹುಡುಕುವ ಕೆಲಸವನ್ನು ಬಂದೂಕಿನ ಸ್ಕೋಪಿನಿಂದ ಮಾಡಲೇಬೇಡಿ. ಸ್ಕೋಪ್ ನೋಡುವ ಕಡೆಗೆ ನಳಿಗೆಯೂ ನೋಡುತ್ತಿರುತ್ತದೆ, ಗುರುತಾಗುವ ಮೊದಲೇ ಪ್ರತಿಯೊಂದರ ಮೇಲೂ ತುಂಬಿದ ಬಂದೂಕನ್ನು ಹಿಡಿದಂತಾಗುತ್ತದೆ. ಕೈಯಲ್ಲಿ ಹಿಡಿದು ಒಂದು ಕಣ್ಣಿನಿಂದ ನೋಡುವ ಥರ್ಮಲ್ ಮಾನೋಕ್ಯುಲರ್ ಇದಕ್ಕೆ ಅತ್ಯುತ್ತಮ. ಅದು ದೇಹದ ಶಾಖವನ್ನೇ ಹಿಡಿಯುವುದರಿಂದ ದೀಪ ಬೇಡ, ಹೊಲದಂಚಿನ ಪ್ರಾಣಿ ಒಂದೇ ನೋಟಕ್ಕೆ ಎದ್ದು ಕಾಣುತ್ತದೆ. ವಿವರ ತೋರಿಸುವುದರಲ್ಲಿ ಮಾತ್ರ ಅದು ಡಿಜಿಟಲ್ ಸ್ಕೋಪಿಗಿಂತ ಹಿಂದೆ. ಥರ್ಮಲ್‌ನಲ್ಲಿ ಹುಡುಕಿ, ಡಿಜಿಟಲ್‌ನಲ್ಲಿ ಗುರುತಿಸಿ ಹೊಡೆಯುವುದು ನಾನು ಕಂಡ ಅತ್ಯಂತ ಸಮಂಜಸವಾದ ಜೋಡಿ. ಎರಡಕ್ಕೂ ಹಣವಿಲ್ಲವೆಂದಾದರೆ ಕೈಯಲ್ಲಿ ಹಿಡಿಯುವ ಸಾಧಾರಣ ಡಿಜಿಟಲ್ ನೈಟ್ ವಿಷನ್ ಆದರೂ ಇರಲಿ.

ಗುರಿ ಹೊಂದಿಸುವುದು ಸುಲಭ. ಹಗಲಲ್ಲಿ ಭದ್ರವಾದ ಆಸರೆಯ ಮೇಲೆ ಬಂದೂಕನ್ನಿಟ್ಟು ಗುಂಡು ಹಾರಿಸಿ, ಗುಂಡು ತಾಗಿದ ಜಾಗಕ್ಕೆ ಪರದೆಯ ಮೇಲಿನ ಅಡ್ಡಗೆರೆಯನ್ನು ಸರಿಸಿಕೊಂಡರೆ ಆಯಿತು. ಒಂದೇ ಗುಂಡಿನಲ್ಲಿ ಆಗುತ್ತದೆಂದು ತಯಾರಕರು ಹೇಳಿದರೂ, ಮೂರು ಗುಂಡುಗಳ ಗುಂಪಿನ ನಡುವನ್ನು ಹಿಡಿಯುವುದೇ ಸರಿ. ಕತ್ತಲಾದ ಮೇಲೆ ದೀಪ ಹಚ್ಚಿ ಮತ್ತೊಮ್ಮೆ ಪರೀಕ್ಷಿಸಿ. ಇನ್‌ಫ್ರಾರೆಡ್ ಬೆಳಕು ಲೆನ್ಸಿನಲ್ಲಿ ಕಣ್ಣಿಗೆ ಕಾಣುವ ಬೆಳಕಿಗಿಂತ ತುಸು ಬೇರೆ ಕಡೆ ಕೇಂದ್ರೀಕರಿಸುವುದರಿಂದ ಹಗಲಲ್ಲಿ ಹೊಂದಿಸಿದ ಫೋಕಸ್ ರಾತ್ರಿಗೆ ಸರಿಹೋಗುವುದಿಲ್ಲ, ಮುಂದಿನ ಲೆನ್ಸನ್ನು ಹೊಸದಾಗಿ ತಿರುಗಿಸಿಕೊಳ್ಳಬೇಕು. ಚಿತ್ರ ಮಸುಕಾಗಿದೆ ಎಂದು ಬರುವ ದೂರುಗಳಲ್ಲಿ ಎಷ್ಟೋ ಈ ಒಂದು ತಿರುವಿನಲ್ಲಿ ಪರಿಹಾರವಾಗುತ್ತವೆ.

ಕೊಳ್ಳುವ ಮುನ್ನ ಕಣ್ಣಿಗೂ ಸ್ಕೋಪಿಗೂ ನಡುವೆ ಇರಬೇಕಾದ ಅಂತರ ಎಷ್ಟೆಂದು ನೋಡಿ. ಕೆಲವು ಡಿಜಿಟಲ್ ಸ್ಕೋಪುಗಳಲ್ಲಿ ಅದು ಹಗಲಿನ ಸ್ಕೋಪಿಗಿಂತ ಕಡಿಮೆ. ಒದೆತ ಜೋರಾಗಿರುವ ರೈಫಲ್ಲಿನ ಮೇಲೆ ಅಂಥದ್ದನ್ನು ಕೂರಿಸಿದರೆ ಹುಬ್ಬು ಸೀಳುತ್ತದೆ. ಯಾವ ಕ್ಯಾಲಿಬರಿನ ಒದೆತವನ್ನು ಸ್ಕೋಪ್ ತಾಳುತ್ತದೆಂಬುದೂ ಅದರ ಕೈಪಿಡಿಯಲ್ಲಿರುತ್ತದೆ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ದೀಪಕ್ಕೂ ಸ್ಕೋಪಿಗೂ ಬೇರೆ ಬೇರೆ ಬದಲಿ ಬ್ಯಾಟರಿ ಒಳಜೇಬಿನಲ್ಲಿರಲಿ. ಪರದೆಯ ಹೊಳಪನ್ನು ಆದಷ್ಟು ತಗ್ಗಿಸಿ. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು, ಅದನ್ನು ಕೆಡಿಸಲು ಪ್ರಖರವಾದ ಪರದೆಯತ್ತ ಒಂದು ನೋಟ ಸಾಕು.

ದೂರದ ಅಂದಾಜಿಗೆ ಬಂದರೆ, ಒಂದೇ ಬಣ್ಣದ ಚಪ್ಪಟೆ ಚಿತ್ರದಲ್ಲಿ 80 ಮೀಟರ್ ಆಚೆಯ ಮರಿಹಂದಿಯೂ 160 ಮೀಟರ್ ಆಚೆಯ ದೊಡ್ಡ ಹಂದಿಯೂ ಒಂದೇ ರೀತಿ ಕಾಣಬಹುದು. ಪ್ರಾಣಿಯ ಹಿಂದೆ ಏನಿದೆ ಎಂಬುದು ಅದಕ್ಕಿಂತಲೂ ಕಷ್ಟ. ನಿಮ್ಮ ದೀಪ ತಲುಪದ ಜಾಗದಲ್ಲಿ ಮನೆಯಿದ್ದರೂ ರಸ್ತೆಯಿದ್ದರೂ ಸ್ಕೋಪ್ ತೋರಿಸುವುದು ಬರೀ ಕಪ್ಪನ್ನು, ರೈಫಲ್ಲಿನ ಗುಂಡು ಮಾತ್ರ ಆ ಕಪ್ಪಿನೊಳಗೆ ಕೆಲವು ಕಿಲೋಮೀಟರ್ ಹೋಗಬಲ್ಲದು. ಇದಕ್ಕೆ ಹಗಲಲ್ಲೇ ಸಿದ್ಧತೆ ಮಾಡಿಕೊಳ್ಳಬೇಕು. ಕೂರುವ ಜಾಗದಿಂದ ರೇಂಜ್‌ಫೈಂಡರಿನಲ್ಲಿ ಬೇಲಿಗೂಟ, ಮರ, ಬದುಗಳ ದೂರ ಅಳೆದು ಬರೆದಿಟ್ಟುಕೊಳ್ಳಿ. ಯಾವ ದಿಕ್ಕಿನಲ್ಲಿ ಹಿಂದೆ ಮಣ್ಣಿನ ದಿಬ್ಬವಿದೆಯೋ ಆ ದಿಕ್ಕಿಗೆ ಮಾತ್ರ ಹೊಡೆಯುವುದೆಂದು ಮೊದಲೇ ನಿಶ್ಚಯಿಸಿ. ಅದೇ ಹೊಲದಲ್ಲಿ ಒಂದು ರಾತ್ರಿ ಬಂದೂಕಿಗೆ ಗುಂಡು ತುಂಬದೆ, ಗೆಳೆಯರೊಬ್ಬರಿಗೆ ಹಂದಿಯ ಗಾತ್ರದ ರಟ್ಟಿನ ಆಕೃತಿಯನ್ನೂ ಕರುವಿನ ಗಾತ್ರದ ಇನ್ನೊಂದನ್ನೂ ಬೇರೆ ಬೇರೆ ದೂರದಲ್ಲಿ ನಿಲ್ಲಿಸಿ ಬರಲು ಹೇಳಿ. ಅವರು ನಿಮ್ಮ ಪಕ್ಕಕ್ಕೆ ಮರಳಿದ ಮೇಲೆ ಸ್ಕೋಪನ್ನು ಬಂದೂಕಿನಿಂದ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಯಾವುದು ಎಂದು ಒಂದು ಸಲವೂ ತಪ್ಪದೆ ಹೇಳಲಾಗುವ ದೂರವೇ ನಿಮ್ಮ ಮಿತಿ. ಅದು 70 ಮೀಟರ್ ಎಂದು ಬಂದರೆ 70ಕ್ಕೇ ನಿಲ್ಲಬೇಕು, 200ರ ಆಸೆ ಬಿಡಬೇಕು.

ಗುಂಡು ಹಾರಿದ ಮೇಲೆ ಒದೆತಕ್ಕೆ ಚಿತ್ರ ಕದಲಿ ಪ್ರಾಣಿ ನೋಟದಿಂದ ತಪ್ಪಿಹೋಗುತ್ತದೆ. ಆದ್ದರಿಂದ ರೆಕಾರ್ಡಿಂಗ್ ಮೊದಲೇ ಚಾಲೂ ಇರಲಿ. ಪ್ರಾಣಿ ಮುಗ್ಗರಿಸಿತೇ, ಬೆನ್ನು ಬಾಗಿಸಿತೇ, ಯಾವ ಕಡೆ ಓಡಿತು ಎಂಬುದು ಅದರಲ್ಲಿ ಸಿಗುತ್ತದೆ. ಗಾಯಗೊಂಡ ಹಂದಿಯನ್ನು ಹಾಗೆಯೇ ಬಿಟ್ಟುಬರುವುದು ಕ್ರೌರ್ಯ, ತಕ್ಷಣ ಅದರ ಹಿಂದೆ ಪೊದೆಗೆ ನುಗ್ಗುವುದು ಅಪಾಯ. ಸ್ವಲ್ಪ ಹೊತ್ತು ಕಾದು, ಇಬ್ಬರಾಗಿ, ಬಿಳಿ ಬೆಳಕಿನ ಟಾರ್ಚ್ ಹಿಡಿದು ಹೋಗಿ; ನೈಟ್ ವಿಷನ್ನಿನ ಒಂದೇ ಬಣ್ಣದ ಚಿತ್ರದಲ್ಲಿ ಎಲೆಯ ಮೇಲಿನ ರಕ್ತ ಬೇರೆಯಾಗಿ ಕಾಣುವುದಿಲ್ಲ.